ರೋಮ್‌ನ ಹಳೆಯ ನಗರದಲ್ಲಿ ಕಡಿಮೆ ಖರ್ಚಿನ ಕೋಣೆ: ಟರ್ಮಿನಿಯೋ, ಪ್ಯಾಂಥಿಯನ್ ಓಣಿಯೋ, ಕಾನ್ವೆಂಟೋ?

ರೋಮ್‌ಗೆ ಹೊರಟವರು ಕೋಣೆ ಹುಡುಕುವಾಗ ಮೊದಲು ಕೇಳುವುದು ಯಾವ ಏರಿಯಾ ಒಳ್ಳೆಯದು ಎಂದು. ಅದಕ್ಕೂ ಮುಂಚೆ ಮನೆಯವರೆಲ್ಲ ಕುಳಿತು ತೀರ್ಮಾನಿಸಬೇಕಾದ ಸಂಗತಿ ಒಂದಿದೆ: ಮಧ್ಯಾಹ್ನ ಕೋಣೆಗೆ ವಾಪಸ್ ಬರುತ್ತೀರೋ, ಬೆಳಿಗ್ಗೆ ಹೊರಟರೆ ರಾತ್ರಿಯೇ ಬರುವವರೋ? ಜುಲೈ, ಆಗಸ್ಟ್ ತಿಂಗಳಲ್ಲಿ ರೋಮ್‌ನ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ. ಊರಿನ ಎಷ್ಟೋ ಚರ್ಚುಗಳು ಹನ್ನೆರಡೂವರೆಯ ಆಸುಪಾಸಿನಲ್ಲಿ ಬಾಗಿಲು ಹಾಕಿ ಮೂರೂವರೆ, ನಾಲ್ಕಕ್ಕೆ ತೆರೆಯುತ್ತವೆ. ಆ ಮೂರು ಗಂಟೆ ಎಲ್ಲಿ ಕಳೆಯುತ್ತೀರಿ ಎನ್ನುವುದರ ಮೇಲೆ ಕೋಣೆಯ ಆಯ್ಕೆ ನಿಂತಿದೆ. ಜೊತೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ, ನಿದ್ದೆಗೆ ಹಟ ಮಾಡುವ ಮಗುವಿದ್ದರೆ, ಊರ ನಡುವಿನ ಕೋಣೆಗೆ ಕೊಡುವ ಹೆಚ್ಚಿನ ದುಡ್ಡು ಆ ಮೂರು ಗಂಟೆಗಳಲ್ಲಿ ವಸೂಲಾಗುತ್ತದೆ. ಇಲ್ಲವಾದರೆ ವಿಳಾಸದ ಹೆಸರಿಗಷ್ಟೇ ದುಡ್ಡು ಕೊಟ್ಟಂತೆ.

ಇನ್ನೊಂದು ಸಂಗತಿ ಭೂಪಟ ನೋಡಿದರೆ ತಿಳಿಯುತ್ತದೆ. ಪಿಯಾತ್ಸಾ (ಅಂದರೆ ಚೌಕ) ನವೋನಾ, ಪ್ಯಾಂಥಿಯನ್, ಕಾಂಪೋ ದೇ ಫಿಯೋರಿ ಇರುವ, ಟೈಬರ್ ನದಿಯ ತಿರುವಿನೊಳಗಿನ ಭಾಗಕ್ಕೆ ಮೆಟ್ರೊ ಇಲ್ಲ. ನೆಲ ಅಗೆದಲ್ಲೆಲ್ಲ ಪ್ರಾಚೀನ ರೋಮ್ ಸಿಗುವ ಊರಿನಲ್ಲಿ ಸುರಂಗ ತೋಡುವುದು ಸುಲಭವಲ್ಲ. ಎ ಮಾರ್ಗ ಸ್ಪಾನ್ಯಾ, ಬಾರ್ಬೆರಿನಿ ನಿಲ್ದಾಣಗಳ ಮೂಲಕ ಹಳೆಯ ನಗರದ ಅಂಚನ್ನು ಬಳಸಿಕೊಂಡು ಹೋಗುತ್ತದೆ. ಬಿ ಮಾರ್ಗ ಕೊಲೋಸಿಯಂ ಬಳಿ ಹಾಯುತ್ತದೆ. ಒಳಗೆ ಹೋಗಬೇಕಾದರೆ ಬಸ್ಸು ಅಥವಾ ಕಾಲ್ನಡಿಗೆಯೇ ಗತಿ. ಆದ್ದರಿಂದ 'ಮೆಟ್ರೊ ಪಕ್ಕದಲ್ಲೇ, ನವೋನಾ ಪಕ್ಕದಲ್ಲೇ' ಎಂದು ಎರಡನ್ನೂ ಒಟ್ಟಿಗೆ ಹೇಳಿಕೊಳ್ಳುವ ಜಾಹೀರಾತು ಕಂಡರೆ ಎರಡರಲ್ಲಿ ಒಂದು ಸುಳ್ಳು ಎಂದು ತಿಳಿಯಿರಿ.

ಟರ್ಮಿನಿ ಸುತ್ತಮುತ್ತ

ಕಡಿಮೆ ಬಜೆಟ್‌ನ ಹೋಟೆಲುಗಳು ಅತಿ ಹೆಚ್ಚು ಇರುವುದು ಊರಿನ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಯ ಎರಡೂ ಬದಿಗಳಲ್ಲಿ. ಮೆಟ್ರೊದ ಎ, ಬಿ ಮಾರ್ಗಗಳು ಸೇರುವುದು ಇಲ್ಲೇ. ಫ್ಯೂಮಿಚಿನೋ ವಿಮಾನ ನಿಲ್ದಾಣದಿಂದ ಎಲ್ಲೂ ನಿಲ್ಲದೆ ಬರುವ ಲಿಯೊನಾರ್ಡೊ ಎಕ್ಸ್‌ಪ್ರೆಸ್ ತಂದಿಳಿಸುವುದೂ ಇಲ್ಲಿಗೇ: 32 ನಿಮಿಷ, 14 ಯೂರೋ. ಫ್ಲಾರೆನ್ಸ್‌ಗೋ ನೇಪಲ್ಸ್‌ಗೋ ಒಂದು ದಿನಕ್ಕೆ ಹೋಗಿ ಬರುವ ಯೋಚನೆ ಇದ್ದವರಿಗೆ ಇಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ.

ನಿಲ್ದಾಣದ ಎರಡು ಬದಿಗಳೂ ಒಂದೇ ಥರ ಇಲ್ಲ ಎಂಬುದನ್ನು ಗಮನಿಸಬೇಕು. ರೈಲಿನಿಂದ ಇಳಿದು ಪ್ಲಾಟ್‌ಫಾರ್ಮಿನ ಕೊನೆಯತ್ತ ಮುಖ ಮಾಡಿ ನಡೆದರೆ ಬಲಕ್ಕೆ ಕಾಸ್ತ್ರೋ ಪ್ರೆತೋರಿಯೋ: ವಿಯಾ ಮಾರ್ಗೆರಾ, ವಿಯಾ ಮಿಲಾತ್ಸೋ, ವಿಯಾ ಪಲೆಸ್ತ್ರೋ ಮುಂತಾದ ನೇರ ಬೀದಿಗಳು, ಹಾಸ್ಟೆಲುಗಳು, ಲಾಂಡ್ರಿ ಅಂಗಡಿಗಳು, ಸಾಲು ಸಾಲು ಸಣ್ಣ ಹೋಟೆಲುಗಳು. ನೋಡುವಂಥದ್ದು ಏನೂ ಇಲ್ಲ, ತೊಂದರೆಯೂ ಕಡಿಮೆ. ಎಡಕ್ಕೆ ಎಸ್ಕ್ವಿಲಿನೋ. ನಿಲ್ದಾಣದ ಗೋಡೆಗೆ ಒತ್ತಿಕೊಂಡಂತೆ ಸಾಗುವ ವಿಯಾ ಜೋಲಿತ್ತಿ ರಾತ್ರಿ ಹತ್ತರ ಮೇಲೆ ನನಗೆ ಹಿಡಿಸುವ ಬೀದಿಯಲ್ಲ. ಅಲ್ಲಿನ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಎರಡು ಬೀದಿ ಒಳಗೆ, ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾದ ಕಡೆಗೆ ಸರಿಯಿರಿ. ಅಲ್ಲಿಂದ ಕೊಲೋಸಿಯಂ ಇಪ್ಪತ್ತು ನಿಮಿಷದ ನಡಿಗೆ, ಅದೂ ಬಹುಪಾಲು ಇಳಿಜಾರು.

ಎಸ್ಕ್ವಿಲಿನೋಗೆ ಇನ್ನೊಂದು ಗುಣವಿದೆ, ಅದು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು. ಪಿಯಾತ್ಸಾ ವಿತ್ತೋರಿಯೋ ಬಳಿಯ ಎಸ್ಕ್ವಿಲಿನೋ ಮಾರುಕಟ್ಟೆಯ ಒಳಗೆ ಬಾಂಗ್ಲಾದೇಶದವರ, ಭಾರತೀಯರ ಅಂಗಡಿಗಳಿವೆ. ಬೆಂಡೆಕಾಯಿ, ಹಸಿಮೆಣಸು, ಕೊತ್ತಂಬರಿ, ಬೇಳೆಕಾಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಸುತ್ತಲಿನ ಬೀದಿಗಳಲ್ಲಿ ಭಾರತೀಯ ಊಟದ ಹೋಟೆಲುಗಳೂ ಇವೆ. ಮೂರನೆಯ ದಿನಕ್ಕೇ ಪಿಜ್ಜಾ ಸಾಕೆನ್ನುವ ಹಿರಿಯರು ಜೊತೆಯಲ್ಲಿದ್ದರೆ ಈ ಒಂದು ಕಾರಣಕ್ಕೇ ಇಲ್ಲಿ ಉಳಿದುಕೊಳ್ಳಬಹುದು.

ಕೊರತೆ ಏನೆಂದರೆ, ಪ್ಯಾಂಥಿಯನ್ ಇಲ್ಲಿಂದ ಅರ್ಧ ಗಂಟೆಯ ನಡಿಗೆ. ಮಧ್ಯಾಹ್ನ ಬಂದು ಮತ್ತೆ ಹೋಗಲು ಮನಸ್ಸು ಬರುವುದಿಲ್ಲ. ಇಲ್ಲಿಂದ ಹಳೆಯ ನಗರದ ಮೂಲಕ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಜೇಬುಗಳ್ಳರಿಗೆ ಹೆಸರಾದದ್ದು. ಬ್ಯಾಗನ್ನು ಬೆನ್ನಿನಿಂದ ಇಳಿಸಿ ಎದೆಗೆ ಹಾಕಿಕೊಳ್ಳಿ, ಮೊಬೈಲನ್ನು ಹಿಂದಿನ ಜೇಬಿನಲ್ಲಿ ಇಡಬೇಡಿ. ಅದೇ ದಿಕ್ಕಿಗೆ ಹೋಗುವ 40ನೇ ನಂಬರಿನ ಬಸ್ಸಿಗೆ ನಿಲುಗಡೆಗಳು ಕಡಿಮೆ, ಬೇಗ ತಲುಪುತ್ತದೆ.

ಹಳೆಯ ನಗರದ ಒಳಗೆ

ನವೋನಾ, ಪ್ಯಾಂಥಿಯನ್, ಕಾಂಪೋ ದೇ ಫಿಯೋರಿ ಸುತ್ತಲಿನ ಓಣಿಗಳಲ್ಲೂ ಒಂದು, ಎರಡು, ಮೂರು ಸ್ಟಾರ್‌ಗಳ ಸಣ್ಣ ಹೋಟೆಲುಗಳು ಇನ್ನೂ ಉಳಿದಿವೆ. ಹೆಚ್ಚಿನವು ಇಡೀ ಕಟ್ಟಡದ ಹೋಟೆಲುಗಳಲ್ಲ. ದೊಡ್ಡ ಹಳೆಯ ಮನೆಯ ಎರಡನೆಯ ಅಥವಾ ನಾಲ್ಕನೆಯ ಮಹಡಿಯನ್ನು ಕೋಣೆಗಳಾಗಿ ಒಡೆದಿರುತ್ತಾರೆ. ಕೆಳಗೆ ಒಂದು ಭಾರಿ ಮರದ ಬಾಗಿಲು, ಅದರ ಪಕ್ಕದಲ್ಲಿ ಕರೆಗಂಟೆಗಳ ಹಿತ್ತಾಳೆ ಫಲಕ. ವಕೀಲರ ಕಚೇರಿ, ದಂತವೈದ್ಯರು, ಯಾರದೋ ಮನೆತನದ ಹೆಸರು, ಅವುಗಳ ನಡುವೆ ನಿಮ್ಮ ಹೋಟೆಲಿನ ಗುಂಡಿ.

ಲಿಫ್ಟ್ ಇದ್ದರೆ ಅದೊಂದು ಪ್ರತ್ಯೇಕ ಅಧ್ಯಾಯ. ಮೆಟ್ಟಿಲುಗಳ ಸುತ್ತಿನ ನಡುವೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ಆಮೇಲೆ ಕೂರಿಸಿದ ಕಬ್ಬಿಣದ ಜಾಲರಿಯ ಪಂಜರ ಅದು. ಹೊರಗೊಂದು ಜಾಲರಿ ಬಾಗಿಲು, ಒಳಗೆ ಮರದ ಎರಡು ರೆಕ್ಕೆಗಳು. ಇಬ್ಬರು ನಿಂತರೆ ಸೂಟ್‌ಕೇಸಿಗೆ ಜಾಗವಿಲ್ಲ. ಸೂಟ್‌ಕೇಸನ್ನು ಒಂಟಿಯಾಗಿ ಮೇಲೆ ಕಳಿಸಿ ನೀವು ಮೆಟ್ಟಿಲು ಹತ್ತುವುದು ಇಲ್ಲಿ ಸಾಮಾನ್ಯ ನೋಟ. ಇಳಿದ ಮೇಲೆ ಎಲ್ಲ ಬಾಗಿಲುಗಳನ್ನೂ ಕೈಯಿಂದಲೇ ಸರಿಯಾಗಿ ಮುಚ್ಚಬೇಕು. ಒಂದು ರೆಕ್ಕೆ ಸ್ವಲ್ಪ ತೆರೆದಿದ್ದರೂ ಲಿಫ್ಟ್ ಆ ಮಹಡಿಯಲ್ಲೇ ನಿಂತುಬಿಡುತ್ತದೆ, ಕೆಳಗೆ ಕಾಯುತ್ತಿರುವ ಮೂರನೆಯ ಮಹಡಿಯ ಅಜ್ಜಿ ಕೂಗತೊಡಗುತ್ತಾರೆ. ಲಿಫ್ಟ್ ಇಲ್ಲದ ಕಡೆ ಮೆಟ್ಟಿಲು ಎಷ್ಟು ಎಂದು ಮೊದಲೇ ಬರೆದು ಕೇಳಿ. ಹಳೆಯ ಕಟ್ಟಡಗಳ ಮಹಡಿಗಳ ಎತ್ತರ ಇವತ್ತಿನ ಅಪಾರ್ಟ್‌ಮೆಂಟುಗಳಂತಲ್ಲ. ಅಲ್ಲಿಯ ಮೂರನೆಯ ಮಹಡಿ ಎಂದರೆ ಮಂಡಿ ನೋವಿನವರಿಗೆ ನಮ್ಮ ಐದನೆಯ ಮಹಡಿಯ ಲೆಕ್ಕ.

ಕೋಣೆಯ ಕಿಟಕಿ ಬೀದಿಗೋ ಒಳ ಅಂಗಳಕ್ಕೋ ಎನ್ನುವುದು ಇಲ್ಲಿ ದರಕ್ಕಿಂತ ಮುಖ್ಯ. ಕಾಂಪೋ ದೇ ಫಿಯೋರಿ ಹಗಲು ಮಾರುಕಟ್ಟೆ, ರಾತ್ರಿ ಕುಡಿಯುವವರ ಚೌಕ. ನಡುರಾತ್ರಿಯ ನಂತರವೂ ಹಾಡು, ಆಮೇಲೆ ಬಾಟಲಿ ತುಂಬುವ ಕಸದ ಗಾಡಿ, ಬೆಳಗಾಗುತ್ತಿದ್ದಂತೆ ಕಪ್ಪು ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಗಾಲಿಗಳ ಕಟಕಟ. ಒಳ ಅಂಗಳದ ಕೋಣೆಯಲ್ಲಿ ಬೆಳಕು ಕಡಿಮೆ. ಎದುರಿಗೆ ಯಾರದೋ ಒಗೆದ ಬಟ್ಟೆ, ಅಡುಗೆಮನೆಯ ಚಿಮಣಿ ಕಾಣುತ್ತವೆ. ಆದರೆ ನಿದ್ದೆ ಬರುತ್ತದೆ. ಫೋಟೊದಲ್ಲಿ ಚೌಕದ ನೋಟ ತೋರಿಸಿ 20 ಯೂರೋ ಹೆಚ್ಚಿಗೆ ಕೇಳುವ ಕೋಣೆಗಿಂತ ಅಂಗಳದ ಕೋಣೆಯೇ ನನ್ನ ಆಯ್ಕೆ. ನೋಟ ಬೇಕೆಂದಾಗ ಕೆಳಗಿಳಿದರೆ ಚೌಕವೇ ಇದೆಯಲ್ಲ.

ಇಷ್ಟೆಲ್ಲ ಸಹಿಸಿಕೊಂಡು ಇಲ್ಲಿ ಯಾಕೆ ಉಳಿಯಬೇಕು? ಮಧ್ಯಾಹ್ನದ ಕಾರಣ ಮೊದಲೇ ಹೇಳಿದೆ. ಎರಡನೆಯದು ಬೆಳಗಿನ ಆರೂವರೆ. ತ್ರೆವಿ ಕಾರಂಜಿಯ ಮುಂದೆ ಹಗಲು ಹೊತ್ತು ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಮುಂಜಾನೆ ನೀರಿನ ಸದ್ದು, ಗುಡಿಸುವವರು, ಬೆರಳೆಣಿಕೆಯ ಜನ ಅಷ್ಟೇ. ಟರ್ಮಿನಿಯಿಂದಲೂ ಆ ಹೊತ್ತಿಗೆ ಬರಬಹುದು ಎಂದು ವಾದಿಸಬಹುದು. ಬರುವವರು ಕಡಿಮೆ.

ಮೋಂತಿ, ತ್ರಾಸ್ತೆವೆರೆ, ಪ್ರಾತಿ

ಟರ್ಮಿನಿಯ ಅನುಕೂಲವೂ ಬೇಕು, ಹಳೆಯ ಊರಿನ ಓಣಿಯೂ ಬೇಕು ಎನ್ನುವವರಿಗೆ ಮೋಂತಿ ಸರಿ. ನಿಲ್ದಾಣಕ್ಕೂ ಕೊಲೋಸಿಯಂಗೂ ನಡುವಿನ ಇಳಿಜಾರು ಅದು. ಬಿ ಮಾರ್ಗದ ಕಾವೂರ್ ನಿಲ್ದಾಣ ಒಳಗೇ ಇದೆ. ಸಣ್ಣ ಹೋಟೆಲುಗಳು ಕಡಿಮೆ, ಬೇಗ ತುಂಬುತ್ತವೆ. ಒಳ್ಳೆಯ ದರಕ್ಕೆ ಸಿಕ್ಕರೆ ಇಬ್ಬರೇ ಹೋಗುವ ದಂಪತಿಗೆ ನಾನು ಮೊದಲು ಹೇಳುವುದು ಇದನ್ನೇ.

ತ್ರಾಸ್ತೆವೆರೆ ನದಿಯಾಚೆಗಿನ ಭಾಗ. ಫೋಟೊಗಳಲ್ಲಿ ಬಳ್ಳಿ ಹಬ್ಬಿದ ಗೋಡೆ, ಓಣಿಯಲ್ಲಿ ಮೇಜು ಹಾಕಿದ ಊಟದ ಮನೆಗಳು, ಎಲ್ಲವೂ ನಿಜ. ರಾತ್ರಿಯ ಗದ್ದಲವೂ ಅಷ್ಟೇ ನಿಜ. ಶುಕ್ರವಾರ, ಶನಿವಾರ ಪಿಯಾತ್ಸಾ ತ್ರಿಲುಸ್ಸಾ ಸುತ್ತ ಮಲಗಲು ಯತ್ನಿಸುವುದು ದಂಡ. ಮೆಟ್ರೊ ಇಲ್ಲ. ಪಿಯಾತ್ಸಾ ವೆನೇತ್ಸಿಯಾ ಕಡೆಯಿಂದ ಬರುವ 8ನೇ ನಂಬರಿನ ಟ್ರಾಮ್ ಇದೆ. ಸಂಜೆ ಹೋಗಿ ಊಟ ಮಾಡಿ ಬರಲು ಚಂದದ ಜಾಗ. ಉಳಿಯುವುದಾದರೆ ಟ್ರಾಮ್ ಹಾದಿಯ ಆಚೆ, ಸಾಂತಾ ಚೆಚೀಲಿಯಾ ಚರ್ಚಿನ ಬದಿಯ ಓಣಿಗಳಲ್ಲಿ ನೋಡಿ, ಅಲ್ಲಿ ಸದ್ದು ಕಡಿಮೆ.

ಪ್ರಾತಿ ಬೇರೆಯೇ ಜಾತಿ. 1870ರಲ್ಲಿ ರೋಮ್ ಇಟಲಿಗೆ ಸೇರಿದ ಮೇಲೆ ಹೊಸದಾಗಿ ಗೆರೆ ಎಳೆದು ಕಟ್ಟಿದ ಬಡಾವಣೆ ಅದು. ಅಗಲ ಬೀದಿಗಳು, ಎರಡು ಬದಿ ಮರ, ನೆಟ್ಟಗಿನ ಮೆಟ್ಟಿಲು. ಹಳೆಯ ರೋಮ್ ನೋಡಲು ಬಂದವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಬೆಳಗಿನ ಮೊದಲ ಹೊತ್ತಿನ ಟಿಕೆಟ್ ಇದ್ದರೆ ನಡೆದೇ ಹೋಗಬಹುದು. ಒತ್ತವಿಯಾನೋ, ಲೆಪಾಂತೋ ನಿಲ್ದಾಣಗಳಿಂದ ಮೆಟ್ರೊದ ಎ ಮಾರ್ಗ ಸಿಗುತ್ತದೆ. ಸೇತುವೆ ದಾಟಿದರೆ ನವೋನಾ ಇಪ್ಪತ್ತು ನಿಮಿಷ. ಇಲ್ಲಿನ ಜನ ಇಲ್ಲೇ ವಾಸಿಸುವವರಾದ್ದರಿಂದ ಸೂಪರ್ ಮಾರ್ಕೆಟ್, ಔಷಧಿ ಅಂಗಡಿಗಳ ಬೆಲೆಯೂ ಸಾಮಾನ್ಯ. ಮಕ್ಕಳೊಂದಿಗಿನ ಕುಟುಂಬಕ್ಕೆ ಟರ್ಮಿನಿಗಿಂತ ಪ್ರಾತಿ ಮೇಲು, ದರ ತುಸು ಹೆಚ್ಚಿದ್ದರೂ.

ಸಿಸ್ಟರ್‌ಗಳು ನಡೆಸುವ ಅತಿಥಿಗೃಹಗಳು

ರೋಮ್‌ನಲ್ಲಿ ಬೇರೆ ಊರುಗಳಲ್ಲಿ ಇಷ್ಟು ಸುಲಭವಾಗಿ ಸಿಗದ ಒಂದು ಆಯ್ಕೆ ಇದೆ. ಯಾತ್ರಿಕರಿಗಾಗಿ ಕಾನ್ವೆಂಟುಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠಗಳು, ನಡೆಸುವ ವಸತಿಗೃಹಗಳು ಅವು. 'ಕಾಸಾ ಪೆರ್ ಫೆರಿಯೆ' ಎಂಬ ಹೆಸರಿನಲ್ಲಿ ಹುಡುಕಿದರೆ ಸಿಗುತ್ತವೆ. ಯಾವ ಧರ್ಮದವರು ಎಂದು ಕೇಳುವುದಿಲ್ಲ. ನಮ್ಮಲ್ಲಿ ಯಾತ್ರಾಸ್ಥಳಗಳ ಛತ್ರ, ದೇವಸ್ಥಾನದ ವಸತಿಗೃಹಗಳಲ್ಲಿ ಉಳಿದು ಅಭ್ಯಾಸವಿದ್ದವರಿಗೆ ಇಲ್ಲಿನ ಶಿಸ್ತು ಹೊಸದೆನಿಸುವುದಿಲ್ಲ: ನೆಲ ಥಳಥಳ, ಹಾಸಿಗೆ ಗಟ್ಟಿ, ಅಲಂಕಾರ ಏನೂ ಇಲ್ಲ. ಮಂಚದ ತಲೆಯ ಮೇಲೆ ಒಂದು ಶಿಲುಬೆ, ಒಂದು ಮೇಜು, ಒಂದು ಕುರ್ಚಿ. ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ಜಾಮ್, ಕಾಫಿ. ಕೆಲವಕ್ಕೆ ಊರ ನಡುವೆಯೇ ಗೋಡೆಯೊಳಗೆ ಕಿತ್ತಳೆ ಮರಗಳ ತೋಟವಿರುತ್ತದೆ. ಅಂಥ ಮೌನವನ್ನು ಪಕ್ಕದ ಮೂರು ಸ್ಟಾರ್ ಹೋಟೆಲ್ ಯಾವ ದರಕ್ಕೂ ಕೊಡಲಾರದು.

ಷರತ್ತುಗಳನ್ನು ಓದಿಕೊಂಡೇ ಒಪ್ಪಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವ ಕಡೆಗಳು ಹಲವು, ಕೆಲವೆಡೆ ಇನ್ನೂ ಬೇಗ. ಹಾಕಿದ ಮೇಲೆ ತೆರೆಯುವುದಿಲ್ಲ. ವಿಮಾನ ರಾತ್ರಿ ಹತ್ತಕ್ಕೆ ಇಳಿಯುವುದಾದರೆ ಮೊದಲ ರಾತ್ರಿಗೆ ಬೇರೆ ಕಡೆ ನೋಡಿಕೊಳ್ಳಬೇಕು. ಜೋಡಿ ಮಂಚಕ್ಕಿಂತ ಎರಡು ಒಂಟಿ ಮಂಚಗಳೇ ಹೆಚ್ಚು. ಟಿವಿ ಇಲ್ಲದಿರಬಹುದು, ಏಸಿ ಇದೆಯೇ ಎಂದು ಕೇಳಲೇಬೇಕು. ಇಮೇಲ್‌ಗೆ ಉತ್ತರ ನಿಧಾನ. ಎಲ್ಲವೂ ಅಗ್ಗ ಎಂಬ ನಂಬಿಕೆಯೂ ಸರಿಯಲ್ಲ. ಪಿಯಾತ್ಸಾ ಫಾರ್ನೇಸೆಯಲ್ಲಿ, ಸ್ವೀಡನ್ನಿನ ಸಂತ ಬ್ರಿಜಿಟ್ 1373ರಲ್ಲಿ ಕೊನೆಯುಸಿರೆಳೆದ ಮನೆಯಲ್ಲೇ ನಡೆಯುವ ಕಾಸಾ ದಿ ಸಾಂತಾ ಬ್ರಿಜಿದಾ ಒಳ್ಳೆಯ ಹೋಟೆಲಿನ ದರವನ್ನೇ ಕೇಳುತ್ತದೆ. ಜಾಗ ನೋಡಿದರೆ ಅದು ಅನ್ಯಾಯವೇನಲ್ಲ, ಕಡಿಮೆ ಬಜೆಟ್ ಮಾತ್ರ ಅಲ್ಲ.

ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ, ಮೊದಲ ಸಲ ವಿದೇಶಕ್ಕೆ ಹೊರಟ ಅಪ್ಪ ಅಮ್ಮನಿಗೆ ನಾನು ಹಿಂಜರಿಯದೆ ಕಾನ್ವೆಂಟ್ ಎನ್ನುತ್ತೇನೆ. ಭಾರತದಿಂದ ಹೋದ ಸಿಸ್ಟರ್‌ಗಳು ರೋಮ್‌ನ ಕಾನ್ವೆಂಟುಗಳಲ್ಲಿ ಅಪರೂಪವಲ್ಲ, ಕೇರಳದವರಂತೂ ಸಾಕಷ್ಟು. ಅಂಥವರು ಸಿಕ್ಕಿದರೆ ಬಿಸಿನೀರು, ಗಂಜಿಯಂಥ ಸಣ್ಣ ಬೇಡಿಕೆಗಳನ್ನು ವಿವರಿಸುವ ಕಷ್ಟ ಇರುವುದಿಲ್ಲ.

ಹಾಸ್ಟೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತೈದರ ಒಳಗಿನವರು, ಒಬ್ಬರೇ ಹೋಗುವವರು ಹೇಗೂ ಅದನ್ನೇ ಹುಡುಕುತ್ತಾರೆ. ಇಬ್ಬರಾದ ಕೂಡಲೇ ಎರಡು ಹಾಸಿಗೆಯ ಬೆಲೆಯನ್ನು ಎರಡು ಸ್ಟಾರ್ ಹೋಟೆಲಿನ ಕೋಣೆಯೊಂದಿಗೆ ಹೋಲಿಸಿ ನೋಡಿ, ವ್ಯತ್ಯಾಸ ಬಹಳ ಸಲ ನಗೆಪಾಟಲಿನಷ್ಟು ಸಣ್ಣದಿರುತ್ತದೆ.

ವರ್ತುಲ ರಸ್ತೆಯ ಹೋಟೆಲು ನಿಜಕ್ಕೂ ಅಗ್ಗವೇ?

ಹೆಸರಿನಲ್ಲಿ 'ರೋಮಾ' ಇರುವ, ದೊಡ್ಡ ಕೋಣೆ, ಕಾರ್ ಪಾರ್ಕಿಂಗ್, ಕೆಲವೊಮ್ಮೆ ಈಜುಕೊಳವನ್ನೂ ತೋರಿಸುವ ಹೋಟೆಲುಗಳು ಹಲವು ಇರುವುದು ಊರನ್ನು ಸುತ್ತುವ 68 ಕಿಲೋಮೀಟರಿನ ವರ್ತುಲ ರಸ್ತೆಯ ಬಳಿ. ಇಬ್ಬರು, ನಾಲ್ಕು ರಾತ್ರಿ ಎಂದು ಲೆಕ್ಕ ಹಾಕೋಣ. ವರ್ತುಲ ರಸ್ತೆಯ ಕೋಣೆ 75, ಟರ್ಮಿನಿಯದು 100, ನವೋನಾ ಬಳಿಯದು 140 ಯೂರೋ ಎಂದಿಟ್ಟುಕೊಳ್ಳಿ. ನಿಮ್ಮ ದಿನಾಂಕದ ನಿಜವಾದ ದರ ಹಾಕಿ ಇದನ್ನೇ ಮಾಡಬಹುದು.

ಟರ್ಮಿನಿಗಿಂತ ವರ್ತುಲ ರಸ್ತೆಯಲ್ಲಿ ಒಟ್ಟು 100 ಯೂರೋ ಉಳಿಯುತ್ತದೆ. ಬಸ್ ಖರ್ಚು ಆ ಉಳಿತಾಯವನ್ನು ತಿನ್ನುವುದಿಲ್ಲ: ರೋಮ್‌ನ 1.50 ಯೂರೋ ಟಿಕೆಟ್ 100 ನಿಮಿಷ ನಡೆಯುತ್ತದೆ, ಅದರಲ್ಲಿ ಬಸ್ಸುಗಳ ಜೊತೆಗೆ ಒಂದು ಮೆಟ್ರೊ ಪಯಣವೂ ಸೇರಿದೆ. ತಿನ್ನುವುದು ಸಮಯ. ಹೋಗಲು ಐವತ್ತು, ಬರಲು ಐವತ್ತು ನಿಮಿಷ. ಟರ್ಮಿನಿಯಿಂದಾದರೆ ಹದಿನೈದು ಹದಿನೈದು. ನಾಲ್ಕು ದಿನ ಸೇರಿ, ಟರ್ಮಿನಿಗೆ ಹೋಲಿಸಿದರೆ, ಒಬ್ಬೊಬ್ಬರಿಗೆ ನಾಲ್ಕೂವರೆ ಗಂಟೆಗೂ ಹೆಚ್ಚು ಸಮಯ ಬಸ್ಸಿನಲ್ಲೇ ಹೋಯಿತು. ಭಾನುವಾರದಿಂದ ಗುರುವಾರದವರೆಗೆ ಮೆಟ್ರೊ ರಾತ್ರಿ ಹನ್ನೊಂದೂವರೆಗೆ ನಿಲ್ಲುತ್ತದೆ; ಊಟ ತಡವಾಗಿ ಎರಡು ಸಲ ಟ್ಯಾಕ್ಸಿ ಹಿಡಿದರೆ ಉಳಿಸಿದ ಹಣದ ದೊಡ್ಡ ಪಾಲು ಅಲ್ಲೇ ಕೊಚ್ಚಿಹೋಗುತ್ತದೆ. ಬಾಡಿಗೆ ಕಾರಿನಲ್ಲಿ ಇಟಲಿ ಸುತ್ತುವವರಿಗೆ ಮಾತ್ರ ಈ ಹೋಟೆಲುಗಳು ಸರಿ. ಹಳೆಯ ನಗರದೊಳಗೆ ಪರವಾನಗಿ ಇಲ್ಲದ ಕಾರುಗಳಿಗೆ ಪ್ರವೇಶವಿಲ್ಲದ ಹೊತ್ತುಗಳಿವೆ, ಕ್ಯಾಮೆರಾ ನಂಬರು ಹಿಡಿದು ತಿಂಗಳುಗಳ ನಂತರ ದಂಡದ ಕಾಗದ ಬೆಂಗಳೂರಿನ ಮನೆಗೇ ಬರಬಹುದು.

ನವೋನಾ ಕೋಣೆ ಟರ್ಮಿನಿಗಿಂತ 160 ಯೂರೋ ಹೆಚ್ಚು. ದಿನಕ್ಕೆ 40. ಮಧ್ಯಾಹ್ನ ಎರಡು ಗಂಟೆ ಕಾಲು ಚಾಚಿ ಮಲಗಿ, ಸ್ನಾನ ಮಾಡಿ, ಐದಕ್ಕೆ ಮತ್ತೆ ಹೊರಡುವವರಿಗೆ ಇದು ಸರಿಯಾದ ಬೆಲೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಲ್ನಡಿಗೆಯಲ್ಲೇ ಇರುವ ಯುವ ದಂಪತಿ ಆ 160 ಯೂರೋವನ್ನು ಊಟಕ್ಕೆ ಹಾಕುವುದು ಜಾಣತನ.

ದರಪಟ್ಟಿಯಲ್ಲಿ ಕಾಣದ್ದು

ನಗರ ತೆರಿಗೆಯನ್ನು ಬಹಳ ಹೋಟೆಲುಗಳು ಅಲ್ಲೇ, ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತವೆ. 2023ರ ಅಕ್ಟೋಬರ್‌ನಲ್ಲಿ ರೋಮ್ ಅದನ್ನು ಏರಿಸಿದಾಗ ನಿಗದಿಯಾದದ್ದು ತಲೆಗೆ, ರಾತ್ರಿಗೆ ಒಂದು ಸ್ಟಾರ್‌ಗೆ 4, ಎರಡಕ್ಕೆ 5, ಮೂರಕ್ಕೆ 6, ನಾಲ್ಕಕ್ಕೆ 7.50 ಯೂರೋ, ಹಾಸ್ಟೆಲಿಗೆ 3.50. ಹತ್ತು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಮೂರು ಸ್ಟಾರ್ ಕೋಣೆಯಲ್ಲಿ ಇಬ್ಬರು ನಾಲ್ಕು ರಾತ್ರಿ ಇದ್ದರೆ 48 ಯೂರೋ. ಎರಡು ಹೋಟೆಲುಗಳ ದರ ಹೋಲಿಸುವಾಗ ಇದನ್ನು ಕೂಡಿಸಿಯೇ ಹೋಲಿಸಿ.

ವಿಮಾನ ನಿಲ್ದಾಣದ ಖರ್ಚೂ ವಿಳಾಸಕ್ಕೆ ತಕ್ಕಂತೆ ಬದಲಾಗುತ್ತದೆ. ಫ್ಯೂಮಿಚಿನೋದಿಂದ ಮೂರನೆಯ ಶತಮಾನದ ಔರೇಲಿಯನ್ ಕೋಟೆಗೋಡೆಯ ಒಳಗಿನ ಯಾವುದೇ ವಿಳಾಸಕ್ಕೆ ಊರಿನ ಬಿಳಿ ಟ್ಯಾಕ್ಸಿಗೆ ನಿಗದಿತ ದರ 55 ಯೂರೋ. ನಾಲ್ವರು, ಸಾಮಾನು ಸೇರಿ. ನಾಲ್ವರೂ ಪೂರ್ತಿ ದರ ಕೊಟ್ಟು ಲಿಯೊನಾರ್ಡೊ ಎಕ್ಸ್‌ಪ್ರೆಸ್ ಹಿಡಿದರೆ 56 ಆಗುತ್ತದೆ, ಮೇಲೆ ನಿಲ್ದಾಣದಿಂದ ಹೋಟೆಲಿಗೆ ಸೂಟ್‌ಕೇಸ್ ಎಳೆಯುವ ಕೆಲಸ ಬೇರೆ. ಹಾಗಾಗಿ ನಾಲ್ವರ ಕುಟುಂಬಕ್ಕೆ ನವೋನಾ ದೂರವೇ ಅಲ್ಲ. ಪ್ರಾತಿಯಲ್ಲಿ ಉಳಿಯುವವರು ವಿಳಾಸ ತೋರಿಸಿ ದರ ಕೇಳಿಕೊಂಡೇ ಹತ್ತಬೇಕು. ತ್ರಾಸ್ತೆವೆರೆಯವರಿಗೆ 8 ಯೂರೋದ ಲೋಕಲ್ ರೈಲು ಇದೆ. ಅದು ಟರ್ಮಿನಿಗೆ ಹೋಗುವುದಿಲ್ಲ, ತ್ರಾಸ್ತೆವೆರೆ ನಿಲ್ದಾಣದಲ್ಲಿ ನಿಲ್ಲುತ್ತದೆ, ಅಲ್ಲಿಂದ ಟ್ರಾಮ್.

ಬೆಳಗಿನ ತಿಂಡಿ ಸೇರಿದ ದರಕ್ಕೆ ಆಸೆಪಡಬೇಡಿ. ಸಣ್ಣ ಹೋಟೆಲುಗಳಲ್ಲಿ ಅದು ಪ್ಲಾಸ್ಟಿಕ್ ಹೊದಿಕೆಯ ಸಿಹಿ ಬನ್ನು, ಯಂತ್ರದ ಕಾಫಿ. ಬೀದಿಯ ಬಾರ್‌ನಲ್ಲಿ (ಇಟಲಿಯಲ್ಲಿ ಬಾರ್ ಎಂದರೆ ಕಾಫಿ ಅಂಗಡಿ) ನಿಂತು ಕಪುಚಿನೋ ಕುಡಿದು, ಕೊರ್ನೆತ್ತೋ ಎಂಬ ಕ್ರೊಸಾಂಟ್‌ನಂಥ ಸಿಹಿ ತಿನಿಸು ತಿಂದರೆ ಸಾಮಾನ್ಯವಾಗಿ ಮೂರು ನಾಲ್ಕು ಯೂರೋ ಒಳಗೆ ಮುಗಿಯುತ್ತದೆ. ಕುಳಿತರೆ ದರ ಬೇರೆ. ಕುಡಿಯುವ ನೀರಿಗೆ ದುಡ್ಡು ಕೊಡಬೇಡಿ. ಊರಿನಲ್ಲಿ ಸುಮಾರು 2,500 'ನಾಸೋನಿ' ನಲ್ಲಿಗಳು ಹಗಲೂ ರಾತ್ರಿ ಹರಿಯುತ್ತಿರುತ್ತವೆ, ಬಾಟಲಿ ಹಿಡಿದರೆ ಸಾಕು.

ಹೋಟೆಲೋ, ಅಪಾರ್ಟ್‌ಮೆಂಟೋ?

ಅಡುಗೆ ಮಾಡಿಕೊಳ್ಳಬೇಕು ಎನ್ನುವವರು ಅಪಾರ್ಟ್‌ಮೆಂಟಿಗೆ ಹೋಗುವುದು ಸಹಜ. ಹೋಟೆಲ್ ಕೋಣೆಯಲ್ಲಿ ರೈಸ್ ಕುಕ್ಕರ್ ಇಡುವುದನ್ನು ಯಾರೂ ಒಪ್ಪುವುದಿಲ್ಲ, ಟೀ ಕೆಟಲ್ ಕೂಡ ಇಟಲಿಯ ಸಣ್ಣ ಹೋಟೆಲುಗಳಲ್ಲಿ ಅಪರೂಪ. ಆದರೆ ಅಪಾರ್ಟ್‌ಮೆಂಟಿಗೂ ಮಿತಿಗಳಿವೆ. ಇಟಲಿಯ ಮನೆಗಳ ಸಾಮಾನ್ಯ ವಿದ್ಯುತ್ ಸಂಪರ್ಕ 3 ಕಿಲೋವ್ಯಾಟ್. ಏಸಿ, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಮೂರನ್ನೂ ಒಟ್ಟಿಗೆ ಹಾಕಿದರೆ ಮನೆಯೇ ಕತ್ತಲಾಗುತ್ತದೆ; ಸ್ವಿಚ್ ಪೆಟ್ಟಿಗೆ ಎಲ್ಲಿದೆ ಎಂದು ಹೋದ ದಿನವೇ ಕೇಳಿಟ್ಟುಕೊಳ್ಳಿ. ಚಳಿಗಾಲದಲ್ಲಿ ಇನ್ನೊಂದು: ಇಡೀ ಕಟ್ಟಡಕ್ಕೆ ಒಂದೇ ಹೀಟಿಂಗ್ ಇರುವ ಕಡೆ ರೋಮ್‌ನಲ್ಲಿ ಅದನ್ನು ಹಾಕಲು ಅನುಮತಿ ಇರುವುದು ಸಾಮಾನ್ಯವಾಗಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಅದೂ ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಮಾಲೀಕರ ಜಿಪುಣತನ ಎಂದು ಬೈಯಬೇಡಿ, ಕಾನೂನೇ ಹಾಗೆ.

ಮೋಸ ತಪ್ಪಿಸಲು ಒಂದು ಸುಲಭ ಪರೀಕ್ಷೆ ಈಗ ಇದೆ. 2025ರ ಜನವರಿಯಿಂದ ಇಟಲಿಯ ಪ್ರತಿ ವಸತಿಗೂ, ಹೋಟೆಲಾಗಲಿ ಮನೆಯಾಗಲಿ, ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲೂ ಬಾಗಿಲ ಬಳಿಯೂ ಅದನ್ನು ಹಾಕಿರಬೇಕು. ಸಂಖ್ಯೆ ಇಲ್ಲದ ಮನೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ಬಂದವರ ಪಾಸ್‌ಪೋರ್ಟ್ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸುವುದು ಎಲ್ಲರಿಗೂ ಕಡ್ಡಾಯವಾದ್ದರಿಂದ ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ನಕಲು ತೆಗೆದು ವಾಪಸ್ ಕೊಡುತ್ತಾರೆ.

ನನ್ನ ಒಲವು ಇನ್ನೂ ಸಣ್ಣ ಹೋಟೆಲಿನ ಕಡೆಗೇ, ಒಂದೇ ಕಾರಣಕ್ಕೆ: ಮೇಜಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ವಿಮಾನ ತಡವಾದಾಗ, ಮೆಟ್ರೊ ಮುಷ್ಕರವಿದ್ದಾಗ, ಔಷಧಿ ಅಂಗಡಿ ಎಲ್ಲಿ ಎಂದು ರಾತ್ರಿ ಹತ್ತಕ್ಕೆ ಕೇಳಬೇಕಾದಾಗ ಆ ಮನುಷ್ಯನ ಬೆಲೆ ತಿಳಿಯುತ್ತದೆ. ಸಣ್ಣ ಹೋಟೆಲುಗಳಲ್ಲೂ ಅವನು ಸಂಜೆ ಮನೆಗೆ ಹೋಗುವುದುಂಟು, ಆದ್ದರಿಂದ ಸ್ವಾಗತ ಮೇಜು ಎಷ್ಟು ಹೊತ್ತಿನವರೆಗೆ ಎಂದು ವಿಚಾರಿಸಿ.

ಸ್ನಾನದ ಮನೆಯ ಬಗ್ಗೆ ಎರಡು ಮಾತು. ಅಗ್ಗದ ಕೋಣೆಗಳ ಶವರ್ ಎಂದರೆ ಮೂಲೆಗೆ ಸಿಕ್ಕಿಸಿದ ಗಾಜಿನ ಪೆಟ್ಟಿಗೆ; ಬಿದ್ದ ಸೋಪು ಎತ್ತಲು ಬಾಗಿಲು ತೆರೆಯಬೇಕು. ಅಲ್ಲಿ ತೂಗುವ ದಾರ ದೀಪದ್ದಲ್ಲ, ಜಾರಿ ಬಿದ್ದರೆ ಸಹಾಯಕ್ಕೆ ಕರೆಯುವ ಗಂಟೆಯದು. ಇನ್ನು ಯುರೋಪಿನ ಬಹುಪಾಲು ಊರುಗಳಲ್ಲಿ ಕಾಗದವನ್ನೇ ನಂಬಿ ಕೂರಬೇಕಾದ ನಮ್ಮವರಿಗೆ ಇಟಲಿಯಲ್ಲಿ ನೆಮ್ಮದಿ ಇದೆ: ಬಿದೆ, ಅಂದರೆ ಕಮೋಡಿನ ಪಕ್ಕದಲ್ಲಿ ಕುಳಿತು ನೀರಿನಿಂದ ತೊಳೆದುಕೊಳ್ಳುವ ತಗ್ಗು ತೊಟ್ಟಿ. 1975ರ ಸರ್ಕಾರಿ ಆದೇಶವೊಂದು ಪ್ರತಿ ಮನೆಯ ಒಂದು ಸ್ನಾನದ ಕೋಣೆಯಲ್ಲಾದರೂ ಅದು ಇರಬೇಕೆಂದಿತು, ಹೋಟೆಲುಗಳಲ್ಲೂ ಅದೇ ರೂಢಿ. ಎರಡು ಕೋಣೆಗಳ ನಡುವೆ ತೀರ್ಮಾನವಾಗದಿದ್ದರೆ ಬಿದೆ ಇರುವುದನ್ನು ಆರಿಸಿಕೊಳ್ಳಿ ಎಂದು ನಾನು ಹೇಳಿದರೆ ನಗುವವರು ಊರಿನಲ್ಲಿ ಕಡಿಮೆ.

ಯಾವಾಗ, ಹೇಗೆ ಬುಕ್ ಮಾಡುವುದು

ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್, ಅಕ್ಟೋಬರ್ ದುಬಾರಿ. ಈಸ್ಟರ್ ವಾರವಂತೂ ಕೇಳಲೇಬೇಡಿ. ಜನವರಿ 6ರ ಹಬ್ಬ ಕಳೆದ ಮೇಲೆ ಫೆಬ್ರುವರಿ ತುದಿಯವರೆಗೆ ಅಗ್ಗ. ಆ ದಿನಗಳಲ್ಲಿ ನವೋನಾ ಬಳಿಯ ಕೋಣೆಯೇ ಮೇ ತಿಂಗಳ ಟರ್ಮಿನಿ ದರಕ್ಕೆ ಸಿಗಬಹುದು, ಆಗ ಹಳೆಯ ನಗರದ ಹೊರಗೆ ಹುಡುಕುವ ಅಗತ್ಯವೇ ಇಲ್ಲ. ನಮ್ಮ ಶಾಲೆಗಳ ಬೇಸಿಗೆ ರಜೆ ರೋಮ್‌ನ ದುಬಾರಿ ತಿಂಗಳುಗಳಲ್ಲೇ ಬೀಳುವುದರಿಂದ ಮಕ್ಕಳಿರುವವರು ವೀಸಾಕ್ಕೆ ಮೊದಲೇ ಕೋಣೆ ಹಿಡಿಯುವುದು ವಾಸಿ.

ಷೆಂಗೆನ್ ವೀಸಾ ಅರ್ಜಿಗೆ ವಸತಿಯ ದಾಖಲೆ ಬೇಕಾಗುವುದರಿಂದ ಹೇಗೂ ರದ್ದು ಮಾಡಬಹುದಾದ ದರದಲ್ಲೇ ಬುಕ್ ಮಾಡಬೇಕಾಗುತ್ತದೆ. ವೀಸಾ ಬಂದ ಮೇಲೆ ಅದೇ ಹೋಟೆಲಿಗೆ ನೇರವಾಗಿ ಬರೆದು ದರ ಕೇಳಿ. ಬುಕಿಂಗ್ ತಾಣಕ್ಕೆ ಕೊಡುವ ಕಮಿಷನ್ ಉಳಿಯುವುದರಿಂದ ಕೆಲವರು ತುಸು ಇಳಿಸುತ್ತಾರೆ, ಕೆಲವರು ಅಂಗಳದ ಕಡೆಯ ಕೋಣೆಯನ್ನಾದರೂ ಕಾದಿರಿಸುತ್ತಾರೆ. ರದ್ದತಿಯ ಗಡುವು ಇಟಲಿಯ ಗಡಿಯಾರದಂತೆ ನಡೆಯುತ್ತದೆ. ಬೇಸಿಗೆಯಲ್ಲಿ ನಾವು ಅವರಿಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ. ಕೊನೆಯ ದಿನ ಚೆಕ್ ಔಟ್ ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ, ವಿಮಾನ ರಾತ್ರಿಗೆ ಇರುತ್ತದೆ. ಸಾಮಾನು ಇಟ್ಟುಕೊಳ್ಳುತ್ತೀರಾ ಎಂಬ ಪ್ರಶ್ನೆಯನ್ನೂ ಅದೇ ಪತ್ರದಲ್ಲಿ ಸೇರಿಸಿಬಿಡಿ. ಹೋಟೆಲುಗಳೂ ಕಾನ್ವೆಂಟುಗಳೂ ಹೆಚ್ಚಾಗಿ ಪುಕ್ಕಟೆ ಇಟ್ಟುಕೊಳ್ಳುತ್ತವೆ. ಅಪಾರ್ಟ್‌ಮೆಂಟಿನವರು ಒಪ್ಪದಿದ್ದರೆ ಟರ್ಮಿನಿಯ ಲಗೇಜ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಇಡಬೇಕಾಗುತ್ತದೆ.